ಸಿಯುಇಟಿಯ ಸಾಮಾನ್ಯ ಸಾಮರ್ಥ್ಯ ಪರೀಕ್ಷೆ: ಪಿಯುಸಿ ಮಕ್ಕಳಿಗೆ ಫಾರ್ಮ್‌ನಿಂದ ಫಲಿತಾಂಶದ ತನಕ

ತಂಗಿಯ ಮಗಳು ಗದಗಿನಿಂದ ಫೋನ್ ಮಾಡಿದ್ದಳು. "ಮಾಮಾ, ಸಿಯುಇಟಿ ಫಾರ್ಮ್‌ನ್ಯಾಗ ಜನರಲ್ ಆ್ಯಪ್ಟಿಟ್ಯೂಡ್ ಟೆಸ್ಟ್ ಅಂತ ಒಂದ ಐತಿ. ಅದಕ್ಕ ಯಾವ ಪುಸ್ತಕ ಓದಬೇಕು?"

"ನಿನ್ನ ಎಂಟನೇ ತರಗತಿ ಗಣಿತದ ಪುಸ್ತಕ ಮನ್ಯಾಗ ಐತೇನ ನೋಡು," ಅಂದೆ. ಅವಳು ನಕ್ಕಳು. ನಾನು ತಮಾಷೆ ಮಾಡಿರಲಿಲ್ಲ.

ಧಾರವಾಡದ ಸಪ್ತಾಪುರದಲ್ಲಿ ಸಂಜೆ ಹೊತ್ತು ಒಂದಿಷ್ಟು ಹುಡುಗರಿಗೆ ಲೆಕ್ಕ ಹೇಳಿಕೊಡುತ್ತೇನೆ. ಹಾವೇರಿ, ಗದಗ ಕಡೆಯಿಂದ ಬಂದು ರೂಮ್ ಮಾಡಿಕೊಂಡ ಕನ್ನಡ ಮಾಧ್ಯಮದ ಮಕ್ಕಳೇ ಜಾಸ್ತಿ. ಈ ಪರೀಕ್ಷೆಯ ಹೆಸರು ಕೇಳಿದರೆ ಅವರಿಗೆ ಸುಮ್ನೆ ಹೆದರಿಕೆ. ದೆಹಲಿಯ ಪರೀಕ್ಷೆ, ಕಂಪ್ಯೂಟರ್ ಮೇಲೆ ಬರೆಯೋದು, ನಮಗೆಲ್ಲಿ ಆಗುತ್ತೆ ಅಂತ. ಆದರೆ ಇದಕ್ಕೆ ಬೇಕಾದ ಸರಕಿನ ಮುಕ್ಕಾಲು ಪಾಲು ಅವರ ಹತ್ತಿರ ಆಗಲೇ ಇದೆ.

ಯಾರಿಗೆ ಬೇಕು, ಯಾರಿಗೆ ಬೇಡ

ಸಿಯುಇಟಿ ಶುರುವಾಗಿದ್ದು 2022ರಲ್ಲಿ. ಕೇಂದ್ರೀಯ ವಿಶ್ವವಿದ್ಯಾಲಯಗಳ ಪದವಿ ಪ್ರವೇಶಕ್ಕೆ ಈ ಪರೀಕ್ಷೆಯನ್ನು ರಾಷ್ಟ್ರೀಯ ಪರೀಕ್ಷಾ ಸಂಸ್ಥೆ, ಅಂದರೆ ಎನ್‌ಟಿಎ ನಡೆಸುತ್ತದೆ. ಬೇರೆ ಕೆಲವು ವಿಶ್ವವಿದ್ಯಾಲಯಗಳೂ ಇದರ ಅಂಕ ತೆಗೆದುಕೊಳ್ಳುತ್ತವೆ. ನಮಗೆ ಹತ್ತಿರದ್ದು ಆಳಂದ ತಾಲ್ಲೂಕಿನ ಕಡಗಂಚಿಯಲ್ಲಿರುವ ಕರ್ನಾಟಕ ಕೇಂದ್ರೀಯ ವಿಶ್ವವಿದ್ಯಾಲಯ. ದೂರದವು ಅಂದರೆ ದೆಹಲಿ, ಬನಾರಸ್, ಪುದುಚೇರಿ ಹೀಗೆ. ಇಲ್ಲೇ ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದ ಕಾಲೇಜಿನಲ್ಲಿ ಬಿಎ, ಬಿಕಾಂ ಮಾಡುವವರಿಗೆ ಪಿಯುಸಿ ಅಂಕ ಸಾಕು, ಇದರ ಗೊಡವೆ ಬೇಡ.

2025ರಲ್ಲಿ ಒಟ್ಟು 37 ವಿಷಯಗಳಿದ್ದವು: 13 ಭಾಷೆ, 23 ಪಠ್ಯ ವಿಷಯ, ಒಂದು ಸಾಮಾನ್ಯ ಸಾಮರ್ಥ್ಯ ಪರೀಕ್ಷೆ. ಹೆಚ್ಚೆಂದರೆ ಐದು ಆರಿಸಿಕೊಳ್ಳಬಹುದು. ಈ ಐದನ್ನು ಆರಿಸುವಾಗಲೇ ಅರ್ಧ ಜನ ಎಡವುತ್ತಾರೆ. ಗೆಳೆಯ ಏನು ಹಾಕಿದನೋ ಅದನ್ನೇ ಹಾಕುತ್ತಾರೆ.

ಉಲ್ಟಾ ಮಾಡಿ. ಮೊದಲು ಕೋರ್ಸ್, ಆಮೇಲೆ ವಿಷಯ. ನಿಮಗೆ ಬೇಕಾದ ಮೂರು ನಾಲ್ಕು ಕೋರ್ಸ್‌ಗಳನ್ನು ಒಂದು ಹಾಳೆಯಲ್ಲಿ ಬರೆಯಿರಿ. ಒಂದೊಂದಕ್ಕೂ ಆ ವಿಶ್ವವಿದ್ಯಾಲಯ ಯಾವ ಯಾವ ಪತ್ರಿಕೆ ಕೇಳುತ್ತದೆ ಅಂತ ಪಕ್ಕದಲ್ಲಿ ಬರೆಯಿರಿ. ಉದಾಹರಣೆಗೆ ದೆಹಲಿ ವಿಶ್ವವಿದ್ಯಾಲಯದ ಬಿಎಂಎಸ್‌ಗೆ (ಮ್ಯಾನೇಜ್‌ಮೆಂಟ್ ಪದವಿ) ಭಾಷೆ, ಗಣಿತ, ಅದರ ಜೊತೆ ಸಾಮಾನ್ಯ ಸಾಮರ್ಥ್ಯ ಬೇಕು. ಅಲ್ಲಿನ ಬಹಳಷ್ಟು ಬಿಎ ಆನರ್ಸ್‌ಗೆ ಎರಡು ದಾರಿ ಇದೆ: ಒಂದು ಭಾಷೆ ಮತ್ತು ಮೂರು ಪಠ್ಯ ವಿಷಯ, ಇಲ್ಲವೇ ಒಂದು ಭಾಷೆ, ಎರಡು ಪಠ್ಯ ವಿಷಯ ಮತ್ತು ಸಾಮಾನ್ಯ ಸಾಮರ್ಥ್ಯ. ಬಿಎಸ್‌ಸಿ ಭೌತಶಾಸ್ತ್ರ ಆನರ್ಸ್‌ಗೆ ಹೋಗುವವರಿಗೆ ಇದು ಬೇಕಿಲ್ಲ. ಹಾಳೆಯಲ್ಲಿ ಈ ಪತ್ರಿಕೆಯ ಹೆಸರು ಒಮ್ಮೆಯೂ ಬರದಿದ್ದರೆ ಇಲ್ಲಿಗೇ ಓದು ನಿಲ್ಲಿಸಿ, ನಿಮ್ಮ ವಿಷಯ ಓದಿಕೊಳ್ಳಿ.

ಫಾರ್ಮ್ ತುಂಬುವಾಗ

ಅರ್ಜಿ ಆನ್‌ಲೈನ್‌ನಲ್ಲಿ ಮಾತ್ರ. 2025ರಲ್ಲಿ ಮೂರು ವಿಷಯಗಳ ತನಕ ಸಾಮಾನ್ಯ ವರ್ಗಕ್ಕೆ 1,000 ರೂಪಾಯಿ, ಒಬಿಸಿ ಮತ್ತು ಇಡಬ್ಲ್ಯೂಎಸ್‌ಗೆ 900, ಪರಿಶಿಷ್ಟರಿಗೆ ಮತ್ತು ಅಂಗವಿಕಲರಿಗೆ 800 ಇತ್ತು. ನಾಲ್ಕನೆಯ ವಿಷಯದಿಂದ ಬೇರೆ ಶುಲ್ಕ. ದಿನಾಂಕ, ಶುಲ್ಕ, ನಿಯಮ ಎಲ್ಲವೂ ವರ್ಷ ವರ್ಷ ಬದಲಾಗುತ್ತವೆ. ನಿಮ್ಮ ವರ್ಷದ ಮಾಹಿತಿ ಪುಸ್ತಿಕೆ ಇಳಿಸಿಕೊಂಡು ಒಮ್ಮೆ ಪೂರ್ತಿ ಓದಿ. ಯೂಟ್ಯೂಬ್ ಅಣ್ಣಂದಿರನ್ನು ಆಮೇಲೆ ಕೇಳಿದರಾಯಿತು.

ನಮ್ಮ ಕಡೆಯವರು ನೋಡಲೇಬೇಕಾದ ಮೂರು ಸಂಗತಿ ಹೇಳಿಬಿಡುತ್ತೇನೆ.

ಮೊದಲನೆಯದು ಹೆಸರು. ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ಅಡ್ಡಹೆಸರು ಮೊದಲು, ಆಧಾರ್‌ನಲ್ಲಿ ಕೊನೆಗೆ. ಒಂದರಲ್ಲಿ ಅಪ್ಪನ ಹೆಸರು ಪೂರ್ತಿ, ಇನ್ನೊಂದರಲ್ಲಿ ಬರೀ ಒಂದಕ್ಷರ. ಫಾರ್ಮ್ ಬಿಡುಗಡೆಯಾದ ಮೇಲೆ ಆಧಾರ್ ತಿದ್ದಿಸಲು ಓಡಬೇಡಿ, ಡಿಸೆಂಬರ್‌ನಲ್ಲೇ ನೋಡಿಕೊಳ್ಳಿ.

ಎರಡನೆಯದು ಜಾತಿ ಪ್ರಮಾಣಪತ್ರ. 2ಎ, 3ಎ, 3ಬಿ ಇವೆಲ್ಲ ನಮ್ಮ ರಾಜ್ಯದ ಪಟ್ಟಿ. ಇಲ್ಲಿ ನಡೆಯುವುದು ಕೇಂದ್ರದ ಒಬಿಸಿ ಪಟ್ಟಿ. ನಿಮ್ಮ ಜಾತಿ ರಾಜ್ಯದ ಪಟ್ಟಿಯಲ್ಲಿದ್ದರೂ ಕೇಂದ್ರದ ಪಟ್ಟಿಯಲ್ಲಿ ಇಲ್ಲದೇ ಇರಬಹುದು. ಇದ್ದರೆ, ಕೇಂದ್ರದ ನಮೂನೆಯಲ್ಲೇ, ಕೆನೆಪದರಕ್ಕೆ ಸೇರಿಲ್ಲ ಎಂಬ ಮಾತಿನ ಸಮೇತ ತಹಶೀಲ್ದಾರರಿಂದ ಬೇರೆ ಪ್ರಮಾಣಪತ್ರ ಮಾಡಿಸಬೇಕು. ಮನೆಯಲ್ಲಿ ಲ್ಯಾಮಿನೇಶನ್ ಮಾಡಿಸಿಟ್ಟ ಹಳೆಯದು ಕೆಲಸಕ್ಕೆ ಬರುವುದಿಲ್ಲ.

ಮೂರನೆಯದು ಮೊಬೈಲ್ ನಂಬರ್. ನಮ್ಮ ಹುಡುಗನೊಬ್ಬನ ಫಾರ್ಮನ್ನು ಸೈಬರ್ ಸೆಂಟರ್‌ನವರು ತಮ್ಮ ನಂಬರ್, ತಮ್ಮ ಇಮೇಲ್ ಹಾಕಿ ತುಂಬಿದ್ದರು. ಮೇ ತಿಂಗಳಲ್ಲಿ ಹಾಲ್ ಟಿಕೆಟ್ ತೆಗೆಯಲು ಹೋದರೆ ಅಂಗಡಿಗೆ ಬೀಗ. ಎರಡು ದಿನ ಅಲೆದಾಡಿ, ಅವರ ಮನೆ ಹುಡುಕಿ ಪಾಸ್‌ವರ್ಡ್ ತಂದೆವು. ನಿಮ್ಮದೇ ನಂಬರ್, ನಿಮ್ಮದೇ ಇಮೇಲ್ ಹಾಕಿಸಿ. ಪಾಸ್‌ವರ್ಡ್ ನೋಟ್‌ಬುಕ್ಕಿನ ಕೊನೆ ಪುಟದಲ್ಲಿ ಬರೆದಿಡಿ.

ಪರೀಕ್ಷೆಯ ಊರು ಕೇಳುವ ಕಡೆ ಹುಬ್ಬಳ್ಳಿ-ಧಾರವಾಡವನ್ನೇ ಮೊದಲು ಹಾಕಿ. ಮಾಧ್ಯಮ ಕೇಳುವ ಕಡೆ ಸ್ವಲ್ಪ ನಿಲ್ಲಿ. ಪ್ರಶ್ನೆಪತ್ರಿಕೆ ಕನ್ನಡದಲ್ಲೂ ಸಿಗುತ್ತದೆ. ಕನ್ನಡದಲ್ಲಿ ಓದಿದವರು ನಾಚಿಕೆ ಬಿಟ್ಟು ಕನ್ನಡವನ್ನೇ ಆರಿಸಿ. ಒಂದು ಪ್ರಶ್ನೆಗೆ ಸಿಗುವುದು 72 ಸೆಕೆಂಡು. ಅದರಲ್ಲಿ 40 ಸೆಕೆಂಡು ಇಂಗ್ಲಿಷ್ ವಾಕ್ಯ ಬಿಡಿಸುವುದಕ್ಕೇ ಹೋದರೆ ಲೆಕ್ಕ ಯಾವಾಗ ಮಾಡುತ್ತೀರಿ? ಆದರೆ ಅನುವಾದದಲ್ಲಿ ಗೊಂದಲ ಬಂದರೆ ಇಂಗ್ಲಿಷ್ ಪ್ರಶ್ನೆಯೇ ಅಂತಿಮ ಎನ್ನುವ ನಿಯಮವಿದೆ. ಹಾಗಾಗಿ ಲಾಭ, ನಷ್ಟ, ಸರಾಸರಿ, ಅನುಪಾತ, ಚಕ್ರಬಡ್ಡಿ, ಸುತ್ತಳತೆ, ವಿಸ್ತೀರ್ಣ ಇಂಥ ಒಂದು ಐವತ್ತು ಪದಗಳಿಗೆ ಇಂಗ್ಲಿಷಿನಲ್ಲಿ ಏನಂತಾರೆ ಅಂತ ಕಲಿತಿಡಿ.

ಒಳಗೆ ಏನಿರುತ್ತದೆ

2025ರಲ್ಲಿ 50 ಪ್ರಶ್ನೆ, 60 ನಿಮಿಷ, ಪ್ರಶ್ನೆಗಳಲ್ಲಿ ಆಯ್ಕೆ ಇಲ್ಲ. ಸರಿ ಉತ್ತರಕ್ಕೆ 5 ಅಂಕ, ತಪ್ಪಿಗೆ 1 ಅಂಕ ಕಡಿತ, ಬಿಟ್ಟರೆ ಸೊನ್ನೆ. ಒಟ್ಟು 250. ಹಳೆಯ ಪುಸ್ತಕಗಳಲ್ಲಿ 60ರಲ್ಲಿ 50 ಬರೆಯಿರಿ ಅಂತ ಇರುತ್ತದೆ, ಅದು ಹಿಂದಿನ ಪದ್ಧತಿ.

ಸಾಮಾನ್ಯ ಜ್ಞಾನ, ಪ್ರಚಲಿತ ವಿದ್ಯಮಾನ, ಮಾನಸಿಕ ಸಾಮರ್ಥ್ಯ, ಅಂಕಗಣಿತ, ತರ್ಕ. ಇಷ್ಟೇ ಪಠ್ಯಕ್ರಮ. ಎಂಟನೇ ತರಗತಿಯಲ್ಲಿ ಎನ್‌ಎಂಎಂಎಸ್ ವಿದ್ಯಾರ್ಥಿವೇತನದ ಪರೀಕ್ಷೆ ಬರೆದವರಿಗೆ ಇದು ಹಳೆಯ ಗೆಳೆಯನೇ. ಅದರಲ್ಲೂ ಮಾನಸಿಕ ಸಾಮರ್ಥ್ಯದ 90 ಪ್ರಶ್ನೆ ಬಂದಿದ್ದವು, ನೆನಪಿದೆಯಲ್ವಾ? ಸರಣಿ, ಸಂಕೇತ, ಬಿಟ್ಟ ಚಿತ್ರ, ಅವೇ. ಆ ಪುಸ್ತಕ ಯಾರಿಗಾದರೂ ಕೊಟ್ಟಿದ್ದರೆ ವಾಪಸ್ ಇಸಿದುಕೊಳ್ಳಿ. ಎಫ್‌ಡಿಎ, ಪೊಲೀಸ್ ಕಾನ್‌ಸ್ಟೇಬಲ್ ಪರೀಕ್ಷೆಗೆಂದು ಕನ್ನಡದಲ್ಲಿ ಮಾನಸಿಕ ಸಾಮರ್ಥ್ಯದ ಪುಸ್ತಕಗಳು ಧಾರವಾಡದಲ್ಲಿ ಬೇಕಾದಷ್ಟು ಸಿಗುತ್ತವೆ. ಅದರಲ್ಲಿ ಒಂದು ಸಾಕು. ಹೊರ ರಾಜ್ಯದ ದಪ್ಪ ಗೈಡಿಗೆ ದುಡ್ಡು ಹಾಕುವ ಅಗತ್ಯ ನನಗೆ ಕಂಡಿಲ್ಲ.

ಲೆಕ್ಕ: ಬರುತ್ತದೆ, ಆದರೆ ನಿಧಾನ

ನಮ್ಮ ಮಕ್ಕಳಿಗೆ ಲೆಕ್ಕ ಬರುವುದಿಲ್ಲ ಅಂತಲ್ಲ. ಮೂರು ವರ್ಷದಿಂದ ಕೈಯಲ್ಲಿ ಮಾಡಿಲ್ಲ, ಅಷ್ಟೆ. ಕಲಾ ವಿಭಾಗದವರಂತೂ ಹತ್ತನೇ ತರಗತಿ ಮುಗಿದ ದಿನವೇ ಗಣಿತಕ್ಕೆ ಕೈಮುಗಿದಿರುತ್ತಾರೆ. ಪರೀಕ್ಷೆಯಲ್ಲಿ ಕ್ಯಾಲ್ಕುಲೇಟರ್ ಇಲ್ಲ. ಹಾಗಾಗಿ ಮೊದಲ ಹತ್ತು ದಿನ ಬರೀ ಇಷ್ಟು: 20ರ ತನಕ ಮಗ್ಗಿ, 30ರ ತನಕ ವರ್ಗ, ಶೇಕಡಾದಿಂದ ಭಿನ್ನರಾಶಿ.

ಭಿನ್ನರಾಶಿಗೆ ಮನೆಯ ಹಿರಿಯರನ್ನು ಕೇಳಿ. ಕಾಲು, ಅರೆಕಾಲು, ವೀಸ ಅಂತ ಅವರು ಬಾಯಲ್ಲೇ ಲೆಕ್ಕ ಹಾಕುತ್ತಿದ್ದರು. ಶೇ. 25 ಅಂದರೆ ಕಾಲು, ಶೇ. 12.5 ಅಂದರೆ ಅರೆಕಾಲು, ಶೇ. 6.25 ಅಂದರೆ ವೀಸ. 640ರಲ್ಲಿ ಶೇ. 12.5 ಎಷ್ಟು ಅಂದರೆ ಗುಣಿಸುತ್ತ ಕೂರಬೇಡಿ, ಎಂಟರಿಂದ ಭಾಗಿಸಿ. 80.

ಇನ್ನು ಬಲೆಗಳು. ಬ್ಯಾಡಗಿ ಮೆಣಸಿನಕಾಯಿ ದರ ಈ ವಾರ ಶೇ. 20 ಏರಿತು, ಮುಂದಿನ ವಾರ ಶೇ. 20 ಇಳಿಯಿತು. ಮೊದಲಿನ ದರಕ್ಕೆ ಬಂತಾ? ಹತ್ತರಲ್ಲಿ ಆರು ಮಕ್ಕಳು ಹೌದು ಅನ್ನುತ್ತಾರೆ. 100 ಇದ್ದದ್ದು 120 ಆಯಿತು. 120ರಲ್ಲಿ ಶೇ. 20 ಅಂದರೆ 24. ಉಳಿದದ್ದು 96. ಶೇ. 4 ನಷ್ಟ. ಅಷ್ಟೇ ಏರಿ ಅಷ್ಟೇ ಇಳಿದರೆ ಯಾವಾಗಲೂ ನಷ್ಟವೇ, ಆ ಸಂಖ್ಯೆಯ ವರ್ಗವನ್ನು ನೂರರಿಂದ ಭಾಗಿಸಿದಷ್ಟು.

ಇನ್ನೊಂದು. ಧಾರವಾಡದಿಂದ ಹುಬ್ಬಳ್ಳಿಗೆ ಚಿಗರಿ ಬಸ್ಸು ಗಂಟೆಗೆ 40 ಕಿ.ಮೀ. ವೇಗದಲ್ಲಿ ಹೋಯಿತು, ಅದೇ ದಾರಿಯಲ್ಲಿ 60ರ ವೇಗದಲ್ಲಿ ವಾಪಸ್ ಬಂತು. ಸರಾಸರಿ ವೇಗ? 50 ಅಂದರೆ ಬಲೆಗೆ ಬಿದ್ದಿರಿ. ದೂರ 24 ಕಿ.ಮೀ. ಅಂತ ಇಟ್ಟುಕೊಳ್ಳಿ. ಹೋಗಲು 36 ನಿಮಿಷ, ಬರಲು 24 ನಿಮಿಷ. ಒಂದು ಗಂಟೆಯಲ್ಲಿ 48 ಕಿ.ಮೀ. ಉತ್ತರ 48. ದೂರ ಕೊಡದಿದ್ದಾಗ ಹೀಗೆ ಸಲೀಸಾದ ಒಂದು ದೂರ ನಾವೇ ಇಟ್ಟುಕೊಂಡರೆ ಸೂತ್ರ ನೆನಪಿಡುವ ಕೆಲಸವಿಲ್ಲ.

ರೈಲಿನ ಲೆಕ್ಕಕ್ಕೆ ಹುಬ್ಬಳ್ಳಿಗಿಂತ ಒಳ್ಳೆಯ ಜಾಗ ಬೇಕೇ? ಸಿದ್ಧಾರೂಢ ಸ್ವಾಮೀಜಿ ನಿಲ್ದಾಣದ ಪ್ಲಾಟ್‌ಫಾರ್ಮ್ 1,507 ಮೀಟರ್, ಜಗತ್ತಿನಲ್ಲೇ ಉದ್ದದ್ದು. 293 ಮೀಟರ್ ಉದ್ದದ ರೈಲು ಗಂಟೆಗೆ 36 ಕಿ.ಮೀ. ವೇಗದಲ್ಲಿ ಅದನ್ನು ದಾಟಲು ಎಷ್ಟು ಹೊತ್ತು? ರೈಲಿನ ಉದ್ದವನ್ನೂ ಕೂಡಿಸಬೇಕು, ಇದನ್ನೇ ಮರೆಯುತ್ತಾರೆ. ಕೊನೆಯ ಡಬ್ಬಿ ಆಚೆ ಹೋದಾಗಲೇ ದಾಟಿದ ಹಾಗೆ. 1,507 ಮತ್ತು 293 ಕೂಡಿದರೆ 1,800 ಮೀಟರ್. 36 ಕಿ.ಮೀ. ಅಂದರೆ ಸೆಕೆಂಡಿಗೆ 10 ಮೀಟರ್. 180 ಸೆಕೆಂಡು, ಮೂರು ನಿಮಿಷ.

ಹೀಗೆ ದಿನಕ್ಕೆ 25 ಲೆಕ್ಕ, ಅರ್ಧ ಗಂಟೆ, ಗಡಿಯಾರ ಮುಂದಿಟ್ಟುಕೊಂಡು. ಗಡಿಯಾರ ಇಲ್ಲದೆ ಮಾಡಿದ ಅಭ್ಯಾಸವನ್ನು ನಾನು ಲೆಕ್ಕಕ್ಕೇ ಹಿಡಿಯುವುದಿಲ್ಲ.

ತರ್ಕ: ಅತ್ತೆ ಯಾರು, ಮಾವ ಯಾರು

ದಿಕ್ಕಿನ ಪ್ರಶ್ನೆಗಳಲ್ಲಿ ಹಳ್ಳಿಯ ಮಕ್ಕಳು ಪೇಟೆಯವರನ್ನು ಮೀರಿಸುತ್ತಾರೆ. ಮೂಡಲ ಹೊಲ, ಬಡಗಲ ಬದು ಅಂತ ಕೇಳುತ್ತಲೇ ಬೆಳೆದವರು. ಸಂಬಂಧದ ಪ್ರಶ್ನೆಗಳಲ್ಲಿ ಮಾತ್ರ ನಮ್ಮ ಭಾಷೆಯೇ ತೊಡಕು. ನಮ್ಮಲ್ಲಿ ಅತ್ತೆ ಅಂದರೆ ಅಪ್ಪನ ಅಕ್ಕತಂಗಿಯೂ ಹೌದು, ಗಂಡನ ತಾಯಿಯೂ ಹೌದು. ಎಷ್ಟೋ ಮನೆಗಳಲ್ಲಿ ಇಬ್ಬರೂ ಒಬ್ಬರೇ! ಪ್ರಶ್ನೆ ಬರೆದವರಿಗೆ ನಮ್ಮ ಸೋದರಸಂಬಂಧದ ಮದುವೆಗಳು ಗೊತ್ತಿರುವುದಿಲ್ಲ. ಅದಕ್ಕೇ ಬಾಯಲ್ಲಿ ಬಿಡಿಸಲು ಹೋಗಬೇಡಿ. ಗಂಡಿಗೆ ಚೌಕ, ಹೆಣ್ಣಿಗೆ ಸುತ್ತು, ತಲೆಮಾರಿಗೊಂದು ಗೆರೆ, ಹೀಗೆ ಚಿತ್ರ ಬರೆಯಿರಿ.

"ಆಕೆ ನನ್ನ ತಾಯಿಯ ತಂದೆಯ ಒಬ್ಬನೇ ಮಗನ ಮಗಳು." ಬಲದಿಂದ ಎಡಕ್ಕಲ್ಲ, 'ನನ್ನ'ದಿಂದ ಶುರು ಮಾಡಿ. ನನ್ನ ತಾಯಿ, ಆಕೆಯ ತಂದೆ ಅಂದರೆ ಅಜ್ಜ, ಅಜ್ಜನ ಮಗ ಅಂದರೆ ಸೋದರಮಾವ, ಅವನ ಮಗಳು. ಕನ್ನಡದ ವಾಕ್ಯ ತಾನೇ ಒಂದೊಂದು ಮೆಟ್ಟಿಲು ಕರೆದುಕೊಂಡು ಹೋಗುತ್ತದೆ. ಇಂಗ್ಲಿಷಿನಲ್ಲಿ ಇದೇ ವಾಕ್ಯವನ್ನು ಬಾಲದಿಂದ ಓದಬೇಕು.

ತೀರ್ಮಾನದ ಪ್ರಶ್ನೆಗಳಲ್ಲಿ ಲೋಕಜ್ಞಾನವನ್ನು ಹೊರಗೆ ಚಪ್ಪಲಿ ಬಿಟ್ಟ ಜಾಗದಲ್ಲೇ ಬಿಟ್ಟು ಬನ್ನಿ. ಎಲ್ಲ ಪೇಢೆಗಳು ಸಿಹಿ. ಕೆಲವು ಸಿಹಿಗಳು ಬಿಳಿ. ಹಾಗಾದರೆ ಕೆಲವು ಪೇಢೆಗಳು ಬಿಳಿಯೇ? ಒಬ್ಬ ಹುಡುಗಿ "ಧಾರವಾಡ ಪೇಢೆ ಕಂದು ಬಣ್ಣ ಸರ್, ತಪ್ಪು" ಅಂದಳು. ಉತ್ತರ ಸರಿ, ಕಾರಣ ಸರಿಯಲ್ಲ. ಕೊಟ್ಟ ಎರಡು ಮಾತಿನಿಂದ ಅದು ಹೊರಡುವುದಿಲ್ಲ, ಅಷ್ಟೆ. ನಾಳೆ ಪ್ರಶ್ನೆಯಲ್ಲಿ ಎಲ್ಲ ಪೇಢೆಗಳು ನೀಲಿ ಅಂತ ಕೊಟ್ಟರೆ ನೀಲಿಯೇ.

ಸಾಮಾನ್ಯ ಜ್ಞಾನ: ಊರಿನಿಂದ ಎಳೆ ಹಿಡಿಯಿರಿ

ಸಾವಿರ ಪ್ರಶ್ನೋತ್ತರ ಬಾಯಿಪಾಠ ಮಾಡುವವರನ್ನು ನೋಡಿದ್ದೇನೆ. ಒಂದು ತಿಂಗಳಲ್ಲಿ ಎಲ್ಲ ಕಲಸುಮೇಲೋಗರ. ಗೊತ್ತಿರುವ ಒಂದು ಸಂಗತಿ ಹಿಡಿದು ಎಳೆಯಿರಿ, ಹಿಂದೆ ಹತ್ತು ಬರುತ್ತವೆ.

ಹುಬ್ಬಳ್ಳಿಯ ಬೆಂಗೇರಿಯಲ್ಲಿ ಖಾದಿ ರಾಷ್ಟ್ರಧ್ವಜ ತಯಾರಾಗುತ್ತದೆ. ಅಲ್ಲಿಂದ ಎಳೆಯಿರಿ: ಸಂವಿಧಾನ ಸಭೆ ಧ್ವಜವನ್ನು ಒಪ್ಪಿದ್ದು 1947ರ ಜುಲೈ 22ರಂದು, ಚಕ್ರದಲ್ಲಿ 24 ಅರೆಗಳು, ಉದ್ದ-ಅಗಲ 3:2. ಆ ಅನುಪಾತದಲ್ಲೇ ಒಂದು ಲೆಕ್ಕವೂ ಇದೆ. ಸುತ್ತಳತೆ 50 ಅಡಿ ಇದ್ದರೆ ವಿಸ್ತೀರ್ಣ ಎಷ್ಟು? 15 ಮತ್ತು 10, ಅಂದರೆ 150 ಚದರ ಅಡಿ.

ಗದಗ ತಾಲ್ಲೂಕಿನ ಕಣಗಿನಹಾಳದಲ್ಲಿ 1905ರಲ್ಲೇ ಸಹಕಾರ ಸಂಘ ಹುಟ್ಟಿತು. ಅಲ್ಲಿಂದ ಕೇಂದ್ರದ ಸಹಕಾರ ಸಚಿವಾಲಯ, ಅದು 2021. ವಿಶ್ವಸಂಸ್ಥೆಯ ಅಂತರರಾಷ್ಟ್ರೀಯ ಸಹಕಾರ ವರ್ಷ, ಅದು 2025. ಶಿರಹಟ್ಟಿ ಕಡೆಯ ಮಾಗಡಿ ಕೆರೆಗೆ ಚಳಿಗಾಲದಲ್ಲಿ ಪಟ್ಟೆತಲೆ ಹೆಬ್ಬಾತು ಬರುತ್ತವೆ. ಆ ಕೆರೆ 2024ರಲ್ಲಿ ಅಂತರರಾಷ್ಟ್ರೀಯ ಮಹತ್ವದ ಜೌಗು ಪ್ರದೇಶಗಳ ರಾಮ್ಸಾರ್ ಪಟ್ಟಿಗೆ ಸೇರಿತು, ಜೊತೆಗೆ ಅಂಕಸಮುದ್ರ ಮತ್ತು ಅಘನಾಶಿನಿ. ರಾಜ್ಯದ ಮೊದಲನೆಯದು ರಂಗನತಿಟ್ಟು, 2022.

ಪ್ರಚಲಿತಕ್ಕೆ ದಿನಾ ಒಂದು ಕನ್ನಡ ಪತ್ರಿಕೆ, ಇಪ್ಪತ್ತು ನಿಮಿಷ. ರಾಜಕೀಯದ ಜಗಳ ಬಿಟ್ಟು ಪ್ರಶಸ್ತಿ, ನೇಮಕ, ಕ್ರೀಡೆ, ವಿಜ್ಞಾನ ನೋಡಿ. ಈ ಭಾಗಕ್ಕೆ ಇದಕ್ಕಿಂತ ಜಾಸ್ತಿ ಸಮಯ ಕೊಡಬೇಡಿ.

ಊಹಿಸಬೇಕೋ, ಬಿಡಬೇಕೋ

"ನೆಗೆಟಿವ್ ಮಾರ್ಕ್ಸ್ ಐತಿ, ಗೊತ್ತಿರದಿದ್ರ ಬಿಟ್ಟಬಿಡ್ರಿ" ಅಂತ ಎಲ್ಲರೂ ಹೇಳುತ್ತಾರೆ. ನಾನು ಒಪ್ಪುವುದಿಲ್ಲ. ಲೆಕ್ಕ ಹಾಕಿ ನೋಡೋಣ.

ನಾಲ್ಕು ಆಯ್ಕೆ. ಏನೂ ಗೊತ್ತಿಲ್ಲದೆ ನಾಲ್ಕು ಪ್ರಶ್ನೆಗೆ ಕಣ್ಣುಮುಚ್ಚಿ ಒತ್ತಿದರೆ ಸರಾಸರಿ ಒಂದು ಸರಿ, ಮೂರು ತಪ್ಪು. ಬಂದದ್ದು 5, ಹೋದದ್ದು 3, ಉಳಿದದ್ದು 2. ಅಂದರೆ ಪ್ರಶ್ನೆಗೆ ಅರ್ಧ ಅಂಕ ಲಾಭ. ಒಂದು ಆಯ್ಕೆ ಖಂಡಿತ ಅಲ್ಲ ಅಂತ ಹೊಡೆದುಹಾಕಿದರೆ ಪ್ರಶ್ನೆಗೆ ಒಂದು ಅಂಕ ಲಾಭ. ಎರಡನ್ನು ಹೊಡೆದುಹಾಕಿದರೆ ಎರಡು ಅಂಕ. ಬಿಟ್ಟರೆ ಸೊನ್ನೆ. ಒಂದೆರಡು ಪ್ರಶ್ನೆಗಳಲ್ಲಿ ಅದೃಷ್ಟ ಕೈಕೊಡಬಹುದು, ನಿಜ. ಆದರೆ ಒಂದಾದರೂ ಆಯ್ಕೆಯನ್ನು ತೆಗೆದುಹಾಕಲು ಬಂದ ಪ್ರಶ್ನೆಯನ್ನು ಖಾಲಿ ಬಿಡುವುದು ಶುದ್ಧ ನಷ್ಟ. ಈ ಲೆಕ್ಕ 5 ಮತ್ತು 1ರ ನಿಯಮಕ್ಕೆ ಮಾತ್ರ. ಸರಿಗೆ 1, ತಪ್ಪಿಗೆ ಕಾಲು ಅಂಕ ಕಡಿತವಿರುವ ಪರೀಕ್ಷೆಗಳಲ್ಲಿ ಕಣ್ಣುಮುಚ್ಚಿ ಒತ್ತಿದರೆ ಇಷ್ಟು ಸಿಗುವುದಿಲ್ಲ.

ಕಂಪ್ಯೂಟರ್ ಮುಂದೆ ಕೂತಾಗ

ಮೌಸ್ ಹಿಡಿದು ರೂಢಿ ಇಲ್ಲದವರು ಮೊದಲ ಹತ್ತು ನಿಮಿಷ ಅಲ್ಲೇ ಕಳೆಯುತ್ತಾರೆ. ಎನ್‌ಟಿಎ ಜಾಲತಾಣದಲ್ಲಿ ಉಚಿತ ಅಭ್ಯಾಸ ಪರೀಕ್ಷೆ ಇದೆ. ಅದನ್ನು ಮೊಬೈಲ್‌ನಲ್ಲಲ್ಲ, ಕಾಲೇಜಿನ ಲ್ಯಾಬಿನಲ್ಲೋ ಸೈಬರ್‌ನಲ್ಲೋ ದೊಡ್ಡ ಪರದೆಯ ಮೇಲೆ ನಾಲ್ಕು ಸಲವಾದರೂ ಬರೆಯಿರಿ. ಪರದೆಯಲ್ಲಿ ಪ್ರಶ್ನೆ ಸಂಖ್ಯೆಗಳ ಬಣ್ಣ ನೋಡಿ: ಹಸಿರು ಅಂದರೆ ಉತ್ತರಿಸಿದ್ದು, ಕೆಂಪು ನೋಡಿ ಬಿಟ್ಟಿದ್ದು, ನೇರಳೆ ಮತ್ತೆ ನೋಡಲು ಗುರುತು ಹಾಕಿದ್ದು. ಉತ್ತರ ಒತ್ತಿ 'ಸೇವ್' ಒತ್ತದೆ ಮುಂದಿನ ಸಂಖ್ಯೆಗೆ ಹಾರಿದರೆ ಉತ್ತರ ಉಳಿಯುವುದಿಲ್ಲ. ಇದರಿಂದ ಅಂಕ ಕಳೆದುಕೊಂಡವರ ಅಳು ನಾನು ಕೇಳಿದ್ದೇನೆ.

ಮೂರು ಸುತ್ತಿನಲ್ಲಿ ಬರೆಯಿರಿ. ಮೊದಲ ಸುತ್ತು 30 ನಿಮಿಷ. ಸಾಮಾನ್ಯ ಜ್ಞಾನಕ್ಕೆ ಹದಿನೈದು ಸೆಕೆಂಡಿಗಿಂತ ಜಾಸ್ತಿ ಬೇಡ, ಗೊತ್ತಿದ್ದರೆ ಗೊತ್ತು. ಸುಲಭದ ಲೆಕ್ಕ, ಸರಣಿ ಎಲ್ಲ ಮುಗಿಸಿ. ಎರಡನೆಯ ಸುತ್ತು 22 ನಿಮಿಷ, ದೊಡ್ಡ ಲೆಕ್ಕ ಮತ್ತು ಆಸನ ವ್ಯವಸ್ಥೆಯಂಥವು. ಕೊನೆಯ 8 ನಿಮಿಷ ಖಾಲಿ ಉಳಿದವುಗಳಿಗೆ, ಮೇಲೆ ಹೇಳಿದ ಊಹೆಯ ಲೆಕ್ಕದ ಪ್ರಕಾರ. ಒಂದು ಪ್ರಶ್ನೆಯ ಜೊತೆ ಹಟ ಹಿಡಿದು ಮೂರು ನಿಮಿಷ ಕೂತರೆ ಎರಡು ಸುಲಭದ ಪ್ರಶ್ನೆ ಕೈತಪ್ಪಿದವು ಅಂತಲೇ.

ಯಾವಾಗ ಓದೋದು

2025ರಲ್ಲಿ ದ್ವಿತೀಯ ಪಿಯುಸಿ ಪರೀಕ್ಷೆ-1 ಮಾರ್ಚ್ 20ಕ್ಕೆ ಮುಗಿಯಿತು, ಏಪ್ರಿಲ್ 16, 17ಕ್ಕೆ ಸಿಇಟಿ, ಮೇ 13ರಿಂದ ಸಿಯುಇಟಿ. ನಡುವೆ ಸಿಕ್ಕಿದ್ದು ಏಳು ವಾರ ಚಿಲ್ಲರೆ. ಫೆಬ್ರುವರಿ ತನಕ ಭಾನುವಾರ ಎರಡು ಗಂಟೆ ಲೆಕ್ಕ, ದಿನಾ ಪತ್ರಿಕೆ, ಇಷ್ಟು ಸಾಕು. ಮಾರ್ಚಿನಲ್ಲಿ ಪೂರ್ತಿ ಬಿಟ್ಟುಬಿಡಿ, ಪಿಯುಸಿ ಮುಖ್ಯ. ಆಮೇಲೆ ಮೂರು ವಾರ ಅಧ್ಯಾಯವಾರು ಅಭ್ಯಾಸ, ಉಳಿದ ದಿನ ಎರಡು ದಿನಕ್ಕೊಂದು ಪೂರ್ಣ ಪರೀಕ್ಷೆ. ಪರೀಕ್ಷೆ ಬರೆದ ಒಂದು ಗಂಟೆಗೆ, ತಪ್ಪು ನೋಡಲು ಇನ್ನೊಂದು ಗಂಟೆ. ಗೊತ್ತಿಲ್ಲದೆ ತಪ್ಪಿದ್ದು, ಆತುರಕ್ಕೆ ತಪ್ಪಿದ್ದು, ಪ್ರಶ್ನೆ ಸರಿಯಾಗಿ ಓದದೆ ತಪ್ಪಿದ್ದು ಅಂತ ಬೇರೆ ಬೇರೆ ಬರೆದಿಡಿ. ತಂಗಿಯ ಮಗಳ ನೋಟ್‌ಬುಕ್ಕಿನಲ್ಲಿ ಮೂರನೆಯ ಸಾಲೇ ಉದ್ದ ಇತ್ತು. 'ಅಲ್ಲದ್ದು ಯಾವುದು' ಅಂತ ಕೇಳಿದ್ದಕ್ಕೆ 'ಯಾವುದು' ಅಂತ ಓದಿ ಉತ್ತರಿಸಿದ್ದಳು, ಒಂದಲ್ಲ ಏಳು ಸಲ.

ಪರೀಕ್ಷೆ ದಿನ, ಆಮೇಲೆ

ಮೊದಲು ಊರು ಯಾವುದು ಅಂತ ತಿಳಿಸುವ ಚೀಟಿ ಬರುತ್ತದೆ, ಆಮೇಲೆ ಹಾಲ್ ಟಿಕೆಟ್. ಕೇಂದ್ರ ಗೊತ್ತಾದ ಕೂಡಲೇ ಸಾಧ್ಯವಾದರೆ ಒಮ್ಮೆ ಹೋಗಿ ನೋಡಿ ಬನ್ನಿ. ಹಾವೇರಿ, ಗದಗಿನವರಿಗೆ ಬೆಳಗಿನ ಪಾಳಿ ಬಂದರೆ ಹಿಂದಿನ ರಾತ್ರಿಯೇ ಹುಬ್ಬಳ್ಳಿಯಲ್ಲಿ ನೆಂಟರ ಮನೆ ಸೇರಿಕೊಳ್ಳಿ. ಮೇ ತಿಂಗಳ ಅಡ್ಡಮಳೆಗೆ ಮರ ಬಿದ್ದು ಬಸ್ಸು ನಿಂತರೆ ಗೇಟಿನವರು ಕಾಯುವುದಿಲ್ಲ. ಹಾಲ್ ಟಿಕೆಟ್, ಮೂಲ ಗುರುತಿನ ಚೀಟಿ, ಫೋಟೊ, ಪೆನ್ನು. ಕೈಗಡಿಯಾರ ಬೇಡ, ಸಮಯ ಪರದೆಯ ಮೇಲೇ ಓಡುತ್ತಿರುತ್ತದೆ.

ಪರೀಕ್ಷೆ ಬೇರೆ ಬೇರೆ ದಿನ, ಬೇರೆ ಬೇರೆ ಪಾಳಿಯಲ್ಲಿ ನಡೆಯುತ್ತದೆ. ಒಬ್ಬರಿಗೆ ಕಠಿಣ, ಒಬ್ಬರಿಗೆ ಸುಲಭ. ಅದನ್ನು ಸರಿದೂಗಿಸಲು ನಿಮ್ಮ ಪಾಳಿಯವರ ನಡುವೆ ನೀವು ಎಲ್ಲಿ ನಿಂತಿರಿ ಅನ್ನುವ ಪರ್ಸೆಂಟೈಲ್ ಹಿಡಿದು ಅಂಕ ಹೊಂದಿಸುತ್ತಾರೆ. 90 ಪರ್ಸೆಂಟೈಲ್ ಅಂದರೆ ಶೇ. 90 ಅಂಕ ಅಲ್ಲ. ನಿಮ್ಮ ಪಾಳಿಯ ನೂರರಲ್ಲಿ ತೊಂಬತ್ತು ಜನ ನಿಮ್ಮಷ್ಟು ಅಥವಾ ನಿಮಗಿಂತ ಕಡಿಮೆ ತೆಗೆದಿದ್ದಾರೆ ಅಂತ. ಹಾಗಾಗಿ ಪತ್ರಿಕೆ ಕಷ್ಟ ಇತ್ತು ಅಂತ ಹೊರಗೆ ಬಂದು ಅಳಬೇಡಿ, ಪಕ್ಕದವರಿಗೂ ಅದೇ ಕಷ್ಟ.

ಕೆಲವು ದಿನಕ್ಕೆ ತಾತ್ಕಾಲಿಕ ಕೀ ಉತ್ತರ, ಜೊತೆಗೆ ನೀವು ಒತ್ತಿದ ಉತ್ತರಗಳೂ ಬರುತ್ತವೆ. ತಪ್ಪು ಕಂಡರೆ ಆಕ್ಷೇಪಣೆ ಹಾಕಬಹುದು, 2025ರಲ್ಲಿ ಪ್ರಶ್ನೆಗೆ 200 ರೂಪಾಯಿ. ಆಧಾರ ಗಟ್ಟಿ ಇದ್ದರೆ ಮಾತ್ರ ಹಾಕಿ.

ಎನ್‌ಟಿಎ ಅಂಕ ಕೊಡುತ್ತದೆ, ಸೀಟು ಕೊಡುವುದಿಲ್ಲ. ಸೀಟಿಗೆ ಆಯಾ ವಿಶ್ವವಿದ್ಯಾಲಯದ ಜಾಲತಾಣದಲ್ಲಿ ಬೇರೆ ಅರ್ಜಿ ಹಾಕಬೇಕು. ಫಲಿತಾಂಶ ನೋಡಿ ಪೇಢೆ ಹಂಚಿ, ಈ ಎರಡನೆಯ ಅರ್ಜಿ ಹಾಕದೆ ಉಳಿದವರು ಪ್ರತಿ ವರ್ಷ ಒಬ್ಬರಾದರೂ ನನ್ನ ಹತ್ತಿರ ಬರುತ್ತಾರೆ. ಮೊದಲ ದಿನ ಬರೆದ ಕೋರ್ಸ್‌ಗಳ ಹಾಳೆಯನ್ನು ಗೋಡೆಗೆ ಅಂಟಿಸಿಕೊಂಡು, ಒಂದೊಂದರ ಮುಂದೆಯೂ ಅರ್ಜಿಯ ಕೊನೆ ದಿನಾಂಕ ಬರೆದುಕೊಳ್ಳಿ.